ಆಹಾರದ ಬೂಷ್ಟು ಮತ್ತು ಅದರ ವಿಷ: ಪ್ರಯೋಗಶಾಲೆಯಲ್ಲಿ ಪತ್ತೆಮಾಡುವ ಬಗೆ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಆದರೆ ಉಣ್ಣುವ ಪದಾರ್ಥದಲ್ಲಿಯೇ ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ವಿಷವೊಂದು ಸೇರಿದ್ದರೆ ಊಟ ಬಲ್ಲವನೂ ಅದನ್ನು ಅರಿಯಲಾರ. ಅಂಥ ವಿಷಗಳಲ್ಲಿ ಬೂಷ್ಟಿನಿಂದ ಹುಟ್ಟುವ ವಿಷಗಳು ಮುಖ್ಯವಾದುವು. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಚಿತ್ರದುರ್ಗ, ಬಳ್ಳಾರಿ, ಧಾರವಾಡಗಳ ಒಣ ಹವೆಯಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತಿದ್ದ ಶೇಂಗಾ ಚಟ್ನಿಪುಡಿ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿಗಳು ಕಡಲ ತೀರದ ತೇವದ ಗಾಳಿಯಲ್ಲಿ ಬೇಗನೆ ಬೂಷ್ಟು ಹಿಡಿಯುವುದನ್ನು ಇಲ್ಲಿನ ಗೃಹಿಣಿಯರೆಲ್ಲರೂ ಬಲ್ಲರು. ಈ ಬೂಷ್ಟಿನಲ್ಲಿ ಯಾವುದು ನಿರಪಾಯ, ಯಾವುದು ವಿಷಕಾರಿ ಎಂಬುದನ್ನು ಪ್ರಯೋಗಶಾಲೆಯಲ್ಲಿ ಹೇಗೆ ನಿರ್ಣಯಿಸುತ್ತಾರೆ ಎಂಬುದನ್ನು ತಿಳಿಸಿಕೊಡುವುದೇ ಈ ಲೇಖನದ ಉದ್ದೇಶ.

ವಿಷಯದ ಹಿನ್ನೆಲೆ

1960ರಲ್ಲಿ ಇಂಗ್ಲೆಂಡಿನ ಸಾಕಾಣಿಕೆ ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕೆಲವೇ ತಿಂಗಳುಗಳಲ್ಲಿ ಸತ್ತುವು. ಕಾರಣ ತಿಳಿಯದೆ ವೈದ್ಯರು ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಸೋಂಕಿನ ಯಾವ ಕುರುಹೂ ಸಿಗಲಿಲ್ಲ. ಕೊನೆಗೆ ಎಲ್ಲ ಕಡೆಯೂ ಸಮಾನವಾಗಿದ್ದುದು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿ ಎಂಬುದು ಗೊತ್ತಾಯಿತು. ಆ ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರವೇ ವಿಷದ ಮೂಲವೆಂದು ಸಿದ್ಧಪಟ್ಟಿತು. ಶಿಲೀಂಧ್ರದ ಹೆಸರಿನ ಅಕ್ಷರಗಳನ್ನು ಕೂಡಿಸಿಯೇ ಆ ವಿಷಕ್ಕೆ ‘ಅಫ್ಲಾಟಾಕ್ಸಿನ್’ ಎಂಬ ಹೆಸರನ್ನಿಟ್ಟರು.

ಇದು ದೂರದೇಶದ ಮಾತಾಯಿತೆಂದು ತಿಳಿಯಬೇಕಾಗಿಲ್ಲ. ನಮ್ಮ ವಿಶಾಖಪಟ್ಟಣದಲ್ಲಿಯೇ ಮುರ್ರಾ ಎಮ್ಮೆಗಳಿಗೆ ಕಡಲೆಕಾಯಿ ಹಿಂಡಿಯಿಂದ ವಿಷಬಾಧೆಯಾದ ಸಂಗತಿ 1965ರಲ್ಲಿ ಭಾರತದ ಪಶುವೈದ್ಯ ಪತ್ರಿಕೆಯಲ್ಲಿ ವರದಿಯಾಯಿತು. ಅದರ ಮರುವರ್ಷ, ಎಂದರೆ 1966ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಕೋಳಿಮರಿಗಳು ಯಕೃತ್ತು ಕೆಟ್ಟು ಸತ್ತುವು. ಹೀಗೆ ಕನ್ನಡನಾಡಿಗೂ ಈ ಕಡಲತೀರದ ಪಟ್ಟಣಕ್ಕೂ ಈ ವಿಷದ ಪರಿಚಯ ಬಹುಮಟ್ಟಿಗೆ ಒಂದೇ ಕಾಲದಲ್ಲಿ ಆಯಿತೆನ್ನಬಹುದು.

ಮನುಷ್ಯರ ವಿಷಯದಲ್ಲಿ ಎರಡು ಪ್ರಸಂಗಗಳನ್ನು ನೆನೆಯಲೇಬೇಕು. ಮೊದಲನೆಯದು ಮೈಸೂರಿನದು. ಪೌಷ್ಟಿಕಾಂಶದ ಕೊರತೆಯಿಂದ ಕ್ವಾಷಿಯೋರ್ಕರ್ ರೋಗಕ್ಕೆ ತುತ್ತಾಗಿದ್ದ ಮಕ್ಕಳಿಗೆ ಬಲ ಬರಲೆಂದು ಕಡಲೆಕಾಯಿಯ ಸಸಾರಜನಕ ಹಿಟ್ಟನ್ನು ಕೊಡಲಾಗಿತ್ತು. ಆ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಬೆರೆತಿದ್ದುದು ಅನಂತರ ತಿಳಿದುಬಂದಿತು. ಕೆಲವು ಮಕ್ಕಳ ಯಕೃತ್ತು ಗಡುಸಾಗಿ ಸಿರೋಸಿಸ್ ತಲೆದೋರಿದ್ದನ್ನು ವೈದ್ಯರು 1971ರಲ್ಲಿ ಪ್ರಕಟಿಸಿದರು. ಮದ್ದೆಂದು ಕೊಟ್ಟದ್ದರಲ್ಲಿಯೇ ವಿಷವಿತ್ತು. ಅದನ್ನು ಕೊಟ್ಟವರಿಗಾಗಲಿ ಉಂಡವರಿಗಾಗಲಿ ಅದು ತಿಳಿಯುವಂತಿರಲಿಲ್ಲ. ಪ್ರಯೋಗಶಾಲೆಯ ಪರೀಕ್ಷೆ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಎರಡನೆಯದು 1974ರದು. ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಕಟಾವಿನ ಹೊತ್ತಿಗೆ ಅಕಾಲ ಮಳೆ ಬಿದ್ದು ಮುಸುಕಿನ ಜೋಳ ನೆನೆಯಿತು. ಅದನ್ನೇ ಉಂಡ ಬಡಜನರಲ್ಲಿ ಕಾಮಾಲೆ ಕಾಣಿಸಿಕೊಂಡು ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು ತನಿಖೆ ನಡೆಸಿದಾಗ 397 ಜನರು ರೋಗಪೀಡಿತರಾಗಿ 106 ಜನರು ಮರಣ ಹೊಂದಿದ್ದು ಗೊತ್ತಾಯಿತು. ಅದೇ ಮನೆಗಳ ನಾಯಿಗಳೂ ಅದೇ ಚಿಹ್ನೆಗಳಿಂದ ಸತ್ತಿದ್ದುವು. ಜೋಳದ ಮಾದರಿಗಳಲ್ಲಿ ಕಿಲೋಗ್ರಾಂ ಒಂದಕ್ಕೆ 6.25ರಿಂದ 15.6 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಇತ್ತು. ಇಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ಏಕದಳ ಧಾನ್ಯ ಮತ್ತು ಬೇಳೆಕಾಳುಗಳಿಗೆ ವಿಧಿಸಿರುವ ಮಿತಿ ಕಿಲೋಗ್ರಾಂಗೆ 15 ಮೈಕ್ರೋಗ್ರಾಂ, ಎಂದರೆ ನೂರು ಕೋಟಿ ಭಾಗಗಳಲ್ಲಿ 15 ಭಾಗ. ಆ ಹಳ್ಳಿಗಳ ಜೋಳದಲ್ಲಿದ್ದುದು ಈ ಮಿತಿಯ 400ರಿಂದ 1,000 ಪಟ್ಟು!

ಬೂಷ್ಟು ಮತ್ತು ವಿಷ

ಬೂಷ್ಟೆಂಬುದು ಶಿಲೀಂಧ್ರಗಳ ಬೆಳವಣಿಗೆ. ಗಾಳಿಯಲ್ಲಿ ತೇಲಾಡುವ ಅದರ ಬೀಜಕಣಗಳು ತೇವವಿರುವ ಆಹಾರದ ಮೇಲೆ ಬಿದ್ದು ಮೊಳೆತು ನೂಲಿನಂಥ ಎಳೆಗಳಾಗಿ ಹರಡುತ್ತವೆ. ವಿಷವನ್ನುಂಟುಮಾಡುವ ಮುಖ್ಯ ಕುಲಗಳು ಮೂರು: ಆಸ್ಪರ್‌ಜಿಲ್ಲಸ್, ಪೆನಿಸಿಲಿಯಂ ಮತ್ತು ಫ್ಯುಸೇರಿಯಂ. ಆಸ್ಪರ್‌ಜಿಲ್ಲಸ್ ಫ್ಲೇವಸ್ ಮತ್ತು ಆಸ್ಪರ್‌ಜಿಲ್ಲಸ್ ಪ್ಯಾರಸಿಟಿಕಸ್ ಎಂಬ ಜಾತಿಗಳು ಅಫ್ಲಾಟಾಕ್ಸಿನ್ನನ್ನು ಉತ್ಪಾದಿಸುತ್ತವೆ. ಫ್ಯುಸೇರಿಯಂ ಕುಲದ ಕೆಲವು ಜಾತಿಗಳಿಂದ ಫ್ಯುಮೋನಿಸಿನ್ ಎಂಬ ವಿಷ ಹುಟ್ಟುತ್ತದೆ. 1995ರಲ್ಲಿ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಮುಸುಕಿನ ಜೋಳದ ರೊಟ್ಟಿಯನ್ನು ತಿಂದವರಿಗೆ ಹೊಟ್ಟೆನೋವು, ಭೇದಿಗಳು ಉಂಟಾಗಿದ್ದು ಈ ಫ್ಯುಮೋನಿಸಿನ್ ವಿಷದಿಂದಲೇ ಇರಬೇಕೆಂದು ತನಿಖೆಯಿಂದ ಕಂಡುಬಂದಿತು.

ಆಸ್ಪರ್‌ಜಿಲ್ಲಸ್ ಫ್ಲೇವಸ್ ಶಿಲೀಂಧ್ರಕ್ಕೆ 25ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬಲು ಹಿತ. ಅದು ನಮ್ಮ ಕರಾವಳಿಯ ಸಾಮಾನ್ಯ ಉಷ್ಣತೆಯೂ ಹೌದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೆಳೆ ಕೈಗೆ ಬರುವ ಕಾಲದಲ್ಲಿಯೇ ಚಂಡಮಾರುತಗಳ ಕಾಟವೂ ಬರುತ್ತದೆ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣವನ್ನು ಹುದ್‌ಹುದ್ ಚಂಡಮಾರುತ ಅಪ್ಪಳಿಸಿತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತುವು. ಇಂಥ ಸಮಯದಲ್ಲಿ ನೆನೆದ ದವಸವನ್ನು ಮತ್ತೆ ಒಣಗಿಸಿ ಬಳಸುವ ಆಸೆ ಸಹಜ. ಆದರೆ ಅಪಾಯ ಅಡಗಿರುವುದು ಅಲ್ಲಿಯೇ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಮನಗಾಣಬೇಕು. ಆಸ್ಪರ್‌ಜಿಲ್ಲಸ್ ಫ್ಲೇವಸ್ ಜಾತಿಯ ಎಲ್ಲ ತಳಿಗಳೂ ವಿಷವನ್ನುಂಟುಮಾಡುವುದಿಲ್ಲ. ಅದರ ಹತ್ತಿರದ ಬಂಧುವಾದ ಆಸ್ಪರ್‌ಜಿಲ್ಲಸ್ ಒರೈಜೆಯನ್ನು ಜಪಾನೀಯರು ಶತಮಾನಗಳಿಂದ ಸೋಯಾ ಹುದುಗಿಸಲು ಬಳಸುತ್ತಿದ್ದಾರೆ, ಅದು ನಿರಪಾಯಕಾರಿ. ಆದ್ದರಿಂದ ಬೂಷ್ಟನ್ನು ಕಂಡಮಾತ್ರಕ್ಕೆ ವಿಷವಿದೆ ಎನ್ನಲಾಗದು. ಅಂತೆಯೇ ಬೂಷ್ಟು ಕಾಣದಿದ್ದರೆ ವಿಷವಿಲ್ಲವೆಂದೂ ಹೇಳಲಾಗದು. ಶಿಲೀಂಧ್ರ ಸತ್ತರೂ, ಅದನ್ನು ಒರೆಸಿ ತೆಗೆದರೂ, ಅದು ಬಿಟ್ಟ ವಿಷ ಕಾಳಿನೊಳಗೆ ಉಳಿದೇ ಇರುತ್ತದೆ. ಹೀಗಾಗಿ ಪರೀಕ್ಷಕನ ಮುಂದೆ ಮೂರು ಬೇರೆ ಬೇರೆ ಪ್ರಶ್ನೆಗಳಿರುತ್ತವೆ. ಪದಾರ್ಥದಲ್ಲಿ ಯಾವ ಶಿಲೀಂಧ್ರವಿದೆ? ಆ ತಳಿಗೆ ವಿಷ ಉತ್ಪಾದಿಸುವ ಶಕ್ತಿಯುಂಟೇ? ಪದಾರ್ಥದಲ್ಲಿ ಈಗ ವಿಷವೆಷ್ಟಿದೆ? ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ತಿಳಿಯುವುದು ತಪ್ಪು.

ಮಾದರಿಯ ಸಂಗ್ರಹ

ಪರೀಕ್ಷೆಯ ಅತಿ ಕಷ್ಟದ ಭಾಗ ಪ್ರಯೋಗಶಾಲೆಯ ಹೊರಗೇ ಇದೆ. ಒಂದು ಮೂಟೆ ಕಡಲೆಬೀಜದಲ್ಲಿ ಸಾವಿರಾರು ಬೀಜಗಳು ಶುದ್ಧವಾಗಿದ್ದು, ಎಲ್ಲೋ ಒಂದೆರಡರಲ್ಲಿ ಮಾತ್ರ ಅತಿಯಾದ ವಿಷ ಇರಬಹುದು. ಮೇಲಿನಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಆ ಬೀಜಗಳು ಸಿಕ್ಕದೆ ಹೋಗಬಹುದು. ಸಿಕ್ಕರೆ ಇಡೀ ಮೂಟೆಯೇ ವಿಷವೆಂದು ತೋರಬಹುದು. ಆದುದರಿಂದ ರಾಶಿಯ ಮೇಲೆ, ಕೆಳಗೆ, ನಡುವೆ, ಅಂಚಿನಲ್ಲಿ, ಹೀಗೆ ಅನೇಕ ಕಡೆಗಳಿಂದ ಸ್ವಲ್ಪಸ್ವಲ್ಪವಾಗಿ ತೆಗೆದು ಕೂಡಿಸಬೇಕು. ಯೂರೋಪಿನ ನಿಯಮಗಳಲ್ಲಿ ಕಡಲೆಕಾಯಿಯ ದೊಡ್ಡ ರಾಶಿಯೊಂದರಿಂದ 100 ಕಡೆ ತೆಗೆದ ಒಟ್ಟು 20 ಕಿಲೋಗ್ರಾಂ ಮಾದರಿಯನ್ನು ಕೇಳುತ್ತಾರೆಂದರೆ ಈ ಕೆಲಸದ ಮಹತ್ವ ತಿಳಿದೀತು. ಅಷ್ಟನ್ನೂ ನುಣ್ಣಗೆ ಬೀಸಿ, ಚೆನ್ನಾಗಿ ಬೆರೆಸಿ, ಅದರಿಂದ ಸಣ್ಣ ಭಾಗವನ್ನು ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಶಿಲೀಂಧ್ರವನ್ನು ಬೆಳೆಸಿ ನೋಡುವುದಕ್ಕೆ ಮಾತ್ರ ಬೀಸದ ಇಡೀ ಕಾಳುಗಳನ್ನು ಬೇರೆಯಾಗಿ ಇಟ್ಟುಕೊಳ್ಳುತ್ತಾರೆ. ಮಾದರಿಯನ್ನು ಕಾಗದದ ಅಥವಾ ಬಟ್ಟೆಯ ಚೀಲದಲ್ಲಿ ಕಳುಹಿಸುವುದು ಲೇಸು. ತೇವವಿರುವ ಕಾಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲಿಯೇ ಬೂಷ್ಟು ಬೆಳೆದು ಫಲಿತಾಂಶ ಕೆಡುತ್ತದೆ.

ಶಿಲೀಂಧ್ರವನ್ನು ಬೆಳೆಸುವುದು

ಕಾಳುಗಳ ಹೊರಮೈಗೆ ಅಂಟಿದ ಧೂಳಿನಲ್ಲಿಯೂ ಬೀಜಕಣಗಳಿರುವುದರಿಂದ, ಮೊದಲು ಅವನ್ನು ಶೇಕಡಾ 0.4ರಷ್ಟು ಕ್ಲೋರಿನ್ ಇರುವ ದ್ರಾವಣದಲ್ಲಿ ಎರಡು ನಿಮಿಷ ಅದ್ದಿ, ನಿರ್ಜೀವಗೊಳಿಸಿದ ನೀರಿನಲ್ಲಿ ತೊಳೆಯುತ್ತಾರೆ. ಅನಂತರ ಪೆಟ್ರಿ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಅಗರ್ ಮಾಧ್ಯಮದ ಮೇಲೆ, ಒಂದಕ್ಕೊಂದು ತಾಗದಂತೆ, ಕೆಲವು ಕಾಳುಗಳನ್ನು ಇಟ್ಟು 25 ಡಿಗ್ರಿ ಉಷ್ಣತೆಯಲ್ಲಿ ಐದು ದಿನ ಬಿಡುತ್ತಾರೆ. ಒಳಗೇ ಶಿಲೀಂಧ್ರ ಹೊಕ್ಕಿದ್ದ ಕಾಳುಗಳಿಂದ ಮಾತ್ರ ಬೆಳವಣಿಗೆ ಹೊರಬರುತ್ತದೆ. ನೂರು ಕಾಳುಗಳಲ್ಲಿ ಎಷ್ಟರಲ್ಲಿ ಬೂಷ್ಟು ಮೂಡಿತೆಂಬುದನ್ನು ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ. ಹಿಟ್ಟು, ಖಾರದಪುಡಿಗಳಂಥವನ್ನು ನಿರ್ಜೀವಗೊಳಿಸಿದ ದ್ರವದಲ್ಲಿ ಕದಡಿ, ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡಿ, ಆ ದ್ರವವನ್ನು ತಟ್ಟೆಯ ಮೇಲೆ ಹರಡುತ್ತಾರೆ.

ಮಾಧ್ಯಮದಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ಕ್ಲೋರಾಂಫೆನಿಕಾಲ್ ಎಂಬ ಔಷಧಿಯನ್ನೂ, ಬೇಗ ಹರಡುವ ಶಿಲೀಂಧ್ರಗಳನ್ನು ತಡೆಯಲು ಡೈಕ್ಲೋರಾನ್ ಮತ್ತು ರೋಸ್ ಬೆಂಗಾಲ್ ಎಂಬ ವಸ್ತುಗಳನ್ನೂ ಸೇರಿಸುವುದುಂಟು. ಆಸ್ಪರ್‌ಜಿಲ್ಲಸ್ ಫ್ಲೇವಸ್ ಮತ್ತು ಪ್ಯಾರಸಿಟಿಕಸ್‌ಗಳನ್ನು ಗುರುತಿಸಲೆಂದೇ ಕಬ್ಬಿಣದ ಲವಣ ಬೆರೆಸಿದ ಒಂದು ಮಾಧ್ಯಮವಿದೆ. 30 ಡಿಗ್ರಿ ಉಷ್ಣತೆಯಲ್ಲಿ ಎರಡು ದಿನ ಕಳೆಯುವುದರೊಳಗೆ ಈ ಜಾತಿಗಳ ಸಮೂಹದ ತಳಭಾಗ ಹೊಳೆಯುವ ಕಿತ್ತಳೆ ಬಣ್ಣವನ್ನು ತಾಳುತ್ತದೆ.

ಬೆಳೆದ ಶಿಲೀಂಧ್ರದ ಒಂದು ಚೂರನ್ನು ಗಾಜಿನ ಮೇಲಿಟ್ಟು, ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆಸ್ಪರ್‌ಜಿಲ್ಲಸ್ ಆದರೆ ಉದ್ದನೆಯ ಕಾಂಡದ ತುದಿಯಲ್ಲಿ ಗುಂಡನೆಯ ಬುಗುಟು, ಅದರ ಸುತ್ತ ಬೀಜಕಣಗಳ ಸರಗಳು ಸೇವಂತಿಗೆ ಹೂವಿನಂತೆ ಕಾಣುತ್ತವೆ. ಪೆನಿಸಿಲಿಯಂ ಸಣ್ಣ ಕುಂಚದಂತೆ ಕವಲೊಡೆದಿರುತ್ತದೆ. ಫ್ಯುಸೇರಿಯಂನ ಬೀಜಕಣಗಳು ಕುಡುಗೋಲಿನಂತೆ ಬಾಗಿರುತ್ತವೆ. ಫ್ಲೇವಸ್‌ನ ಸಮೂಹ ಹಳದಿಮಿಶ್ರಿತ ಹಸಿರು. ಅಡಿಗೆಮನೆಯ ಈರುಳ್ಳಿಯ ಮೇಲೆ ಕಾಣುವ ಕರಿಯ ಬೂಷ್ಟು ಅದೇ ಕುಲದ ಬೇರೆ ಜಾತಿ.

ವಿಷಶಕ್ತಿಯ ಪರೀಕ್ಷೆ

ಶಿಲೀಂಧ್ರದ ಹೆಸರು ತಿಳಿದ ಮೇಲೆ ಅದಕ್ಕೆ ವಿಷ ಉತ್ಪಾದಿಸುವ ಶಕ್ತಿಯುಂಟೇ ಎಂದು ನೋಡಬೇಕು. ಇದಕ್ಕೆ ಸುಲಭವೂ ಅಗ್ಗವೂ ಆದ ವಿಧಾನವೊಂದಕ್ಕೆ ಬೇಕಾದುದು ನಮ್ಮ ಕರಾವಳಿಯ ತೆಂಗಿನಕಾಯಿ! ಸುಮಾರು 100 ಗ್ರಾಂ ಕೊಬ್ಬರಿ ತುರಿಯನ್ನು 300 ಮಿಲಿಲೀಟರ್ ಬಿಸಿನೀರಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಬಂದ ಹಾಲಿಗೆ ಅಗರ್ ಸೇರಿಸಿ, ಹಬೆಯ ಒತ್ತಡದಲ್ಲಿ ನಿರ್ಜೀವಗೊಳಿಸಿ ತಟ್ಟೆಗಳಿಗೆ ಹೊಯ್ಯುತ್ತಾರೆ. ಶಂಕಿತ ಶಿಲೀಂಧ್ರವನ್ನು ಅದರ ನಡುವೆ ನೆಟ್ಟು, 28ರಿಂದ 30 ಡಿಗ್ರಿಯಲ್ಲಿ ಎರಡರಿಂದ ಐದು ದಿನ ಬೆಳೆಯಗೊಟ್ಟು, ಕತ್ತಲೆಯ ಕೋಣೆಯಲ್ಲಿ 365 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ದೀಪದ ಕೆಳಗೆ ತಟ್ಟೆಯ ತಳವನ್ನು ನೋಡುತ್ತಾರೆ. ವಿಷಕಾರಿ ತಳಿಯ ಸುತ್ತ ನೀಲಿ ಬೆಳಕು ಬಳೆಯಂತೆ ಹೊಳೆಯುತ್ತದೆ.

ಎರಡನೆಯ ವಿಧಾನ ಅಮೋನಿಯದ್ದು. ತಟ್ಟೆಯನ್ನು ತಲೆಕೆಳಗಾಗಿ ಮುಚ್ಚಿ, ಮುಚ್ಚಳದಲ್ಲಿ ಕೆಲವು ತೊಟ್ಟು ಅಮೋನಿಯ ದ್ರಾವಣವನ್ನು ಹಾಕುತ್ತಾರೆ. ಅದರ ಆವಿ ತಾಗಿದೊಡನೆ ವಿಷಕಾರಿ ತಳಿಯ ಸಮೂಹದ ತಳಭಾಗ ಗುಲಾಬಿ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ. ವಿಷಹೀನ ತಳಿಯಲ್ಲಿ ಬಣ್ಣ ಬದಲಾಗುವುದಿಲ್ಲ. ಅತಿನೇರಳೆ ದೀಪವಿಲ್ಲದ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಇದನ್ನು ಮಾಡಬಹುದು.

ಇಂಥ ಪರೀಕ್ಷೆಗಳಲ್ಲಿ ತಪ್ಪು ತೀರ್ಮಾನಕ್ಕೆ ಅವಕಾಶವುಂಟು. ಆದುದರಿಂದ ಪ್ರತಿ ಸಲವೂ ಮೂರು ತಟ್ಟೆಗಳನ್ನು ಜೊತೆಗಿಡಬೇಕು: ಏನನ್ನೂ ನೆಡದ ತಟ್ಟೆ, ವಿಷಕಾರಿಯೆಂದು ಖಚಿತವಾಗಿ ತಿಳಿದ ತಳಿಯ ತಟ್ಟೆ, ವಿಷಹೀನವೆಂದು ತಿಳಿದ ತಳಿಯ ತಟ್ಟೆ. ಈ ಮೂರೂ ನಿರೀಕ್ಷಿಸಿದಂತೆ ನಡೆದುಕೊಂಡರೆ ಮಾತ್ರ ನಾಲ್ಕನೆಯದರ ಸಾಕ್ಷ್ಯವನ್ನು ನಂಬಬಹುದು. ಇತ್ತೀಚಿನ ದಶಕಗಳಲ್ಲಿ ಪಿ.ಸಿ.ಆರ್. ವಿಧಾನದಿಂದ ವಿಷೋತ್ಪಾದನೆಗೆ ಬೇಕಾದ ಜೀನುಗಳು ಶಿಲೀಂಧ್ರದಲ್ಲಿವೆಯೇ ಎಂದು ನೋಡುವುದೂ ಸಾಧ್ಯವಾಗಿದೆ. ಆದರೆ ಜೀನು ಇದ್ದಮಾತ್ರಕ್ಕೆ ವಿಷ ಉಂಟಾಗಿಯೇ ಇದೆ ಎಂದು ಹೇಳುವಂತಿಲ್ಲ.

ವಿಷದ ಅಳತೆ

ಪದಾರ್ಥದಲ್ಲಿರುವ ವಿಷವನ್ನೇ ಅಳೆಯುವುದು ರಸಾಯನಶಾಸ್ತ್ರದ ಕೆಲಸ. ಬೀಸಿದ ಮಾದರಿಯನ್ನು ಮೆಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಕುಲುಕಿ ವಿಷವನ್ನು ದ್ರವಕ್ಕೆ ಇಳಿಸುತ್ತಾರೆ. ಹಿಂದಿನಿಂದ ಬಂದ ವಿಧಾನದಲ್ಲಿ ಈ ಸಾರದ ಒಂದು ತೊಟ್ಟನ್ನು ಸಿಲಿಕಾ ಲೇಪಿಸಿದ ಹಾಳೆಯ ಮೇಲಿಟ್ಟು, ದ್ರಾವಕ ಮೇಲೇರುವಂತೆ ಮಾಡುತ್ತಾರೆ. ಆಗ ಅಫ್ಲಾಟಾಕ್ಸಿನ್ನಿನ ನಾಲ್ಕು ಬಗೆಗಳು ಬೇರೆಬೇರೆ ಎತ್ತರದಲ್ಲಿ ನಿಲ್ಲುತ್ತವೆ. ಅತಿನೇರಳೆ ಬೆಳಕಿನಲ್ಲಿ ಬಿ1, ಬಿ2 ನೀಲಿಯಾಗಿಯೂ ಜಿ1, ಜಿ2 ಹಸಿರಾಗಿಯೂ ಹೊಳೆಯುತ್ತವೆ. ಹೊಳೆಯುವುದೆಲ್ಲ ಅಫ್ಲಾಟಾಕ್ಸಿನ್ ಅಲ್ಲವಾದ್ದರಿಂದ ಗಂಧಕಾಮ್ಲವನ್ನು ಸಿಂಪಡಿಸಿ, ನೀಲಿ ಹೊಳಪು ಹಳದಿಗೆ ತಿರುಗುವುದೇ ಎಂದು ನೋಡುತ್ತಾರೆ. ತಿರುಗದಿದ್ದರೆ ಅದು ಬೇರೆ ವಸ್ತು.

ಎಲೈಸಾ ಎಂಬ ವಿಧಾನದಲ್ಲಿ ಪ್ರತಿಕಾಯಗಳನ್ನು ಬಳಸುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಬಣ್ಣ ಕಡಿಮೆಯಾದಷ್ಟೂ ವಿಷ ಹೆಚ್ಚೆಂದು ಅರ್ಥ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಕಡಲೆಕಾಯಿಯ ಪರೀಕ್ಷೆಗಾಗಿ ಕಡಿಮೆ ಖರ್ಚಿನ ಎಲೈಸಾ ವಿಧಾನವನ್ನು ರೂಪಿಸಿ ಉಪಕಾರ ಮಾಡಿದೆ. ವಿವಾದ ಬಂದಾಗ, ರಫ್ತಿನ ಸಂದರ್ಭದಲ್ಲಿ, ಇನ್ನೂ ಸೂಕ್ಷ್ಮವಾದ ಎಚ್.ಪಿ.ಎಲ್.ಸಿ. ಮತ್ತು ದ್ರವ್ಯರಾಶಿ ರೋಹಿತದ ಯಂತ್ರಗಳನ್ನು ಅವಲಂಬಿಸುತ್ತಾರೆ. ವಿಜಯವಾಡದ ನೆರೆಯ ಗುಂಟೂರಿನ ಮೆಣಸಿನಕಾಯಿ ವ್ಯಾಪಾರಕ್ಕೆ ಇದು ಜೀವಾಳ. ನಮ್ಮಲ್ಲಿ ಸಾಂಬಾರ ಪದಾರ್ಥಗಳಿಗೆ ಕಿಲೋಗ್ರಾಂಗೆ 30 ಮೈಕ್ರೋಗ್ರಾಂ ಮಿತಿಯಿದ್ದರೆ ಯೂರೋಪು ಮೆಣಸಿನಕಾಯಿಗೆ 10ನ್ನು ಮಾತ್ರ ಒಪ್ಪುತ್ತದೆ. ಸಾಂಬಾರ ಮಂಡಲಿಯು ಗುಂಟೂರಿನಲ್ಲಿಯೇ ಗುಣಪರೀಕ್ಷಾ ಪ್ರಯೋಗಶಾಲೆಯನ್ನು ನಡೆಸುತ್ತಿರುವುದಕ್ಕೆ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ.

ಪರೀಕ್ಷಕನಿಗೂ ಎಚ್ಚರಿಕೆ ಬೇಕು. ಬೂಷ್ಟಿನ ತಟ್ಟೆಯನ್ನು ತೆರೆದು ಮೂಸುವುದು ಕೂಡದು. ಕೈಗವಸು, ಮುಖಗವಸುಗಳಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಬಳಸಿದ ತಟ್ಟೆಗಳನ್ನು 121 ಡಿಗ್ರಿಯ ಹಬೆಯಲ್ಲಿಟ್ಟರೆ ಶಿಲೀಂಧ್ರ ಸಾಯುತ್ತದೆಯೇ ಹೊರತು ವಿಷ ಪೂರ್ತಿ ನಾಶವಾಗುವುದಿಲ್ಲ. ವಿಷ ತಾಗಿದ ಗಾಜಿನ ಸಾಮಾನುಗಳನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ನೆನೆಸಿಡಬೇಕು.

ಹಾಲಿನ ಮಾತು

ಹಸು, ಎಮ್ಮೆಗಳು ಬೂಷ್ಟು ಹಿಡಿದ ಹಿಂಡಿಯನ್ನು ತಿಂದರೆ ಅದರಲ್ಲಿನ ಅಫ್ಲಾಟಾಕ್ಸಿನ್ ಬಿ1 ಅವುಗಳ ಯಕೃತ್ತಿನಲ್ಲಿ ಎಂ1 ಎಂಬ ರೂಪ ತಾಳಿ ಹಾಲಿಗೆ ಇಳಿಯುತ್ತದೆ. ತಿಂದ ವಿಷದಲ್ಲಿ ಸಾಮಾನ್ಯವಾಗಿ ಶೇಕಡಾ 1ರಿಂದ 3ರಷ್ಟು ಹೀಗೆ ಬರುತ್ತದೆ. ಹಾಲನ್ನು ಕಾಯಿಸುವುದರಿಂದ ಅದು ಹೋಗದು. ಹಿಂಡಿಯನ್ನು ಬದಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ನಮ್ಮ ನಿಯಮದಂತೆ ಹಾಲಿನಲ್ಲಿ ಎಂ1 ಕಿಲೋಗ್ರಾಂಗೆ 0.5 ಮೈಕ್ರೋಗ್ರಾಂ ಮೀರಬಾರದು. ಮನುಷ್ಯರಿಗೆ ಬೇಡವೆಂದು ಆರಿಸಿ ತೆಗೆದ ಕಾಳನ್ನು ದನಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ಹಳೆಯದು. ಆ ವಿಷ ಹಾಲಿನ ಮೂಲಕ ಮನೆಯ ಮಗುವಿಗೇ ಹಿಂದಿರುಗುತ್ತದೆ ಎಂಬುದನ್ನು ಮರೆಯಬಾರದು.

ಮನೆಯಲ್ಲಿ ಪಾಲಿಸಬೇಕಾದುದು

ವಿಷವನ್ನು ಅಳೆಯುವುದು ಪ್ರಯೋಗಶಾಲೆಯ ಕೆಲಸ. ಅದು ಹುಟ್ಟದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಹುರಿಯುವುದರಿಂದ ಅಫ್ಲಾಟಾಕ್ಸಿನ್ ಸ್ವಲ್ಪ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಕುದಿಸುವುದರಿಂದ ಪ್ರಯೋಜನ ಇನ್ನೂ ಅಲ್ಪ. ಆದ್ದರಿಂದ ಈ ಕೆಳಗಿನ ನಿಯಮಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ಕಡಲೆಬೀಜವನ್ನು ಹುರಿಯುವ ಮೊದಲು ಮೊರದಲ್ಲಿ ಹರಡಿ ಮುರುಟಿದ, ಬಣ್ಣಗೆಟ್ಟ, ಒಡೆದ, ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ತೆಗೆಯಬೇಕು. ವಿಷದ ಬಹುಪಾಲು ಇಂಥ ಬೀಜಗಳಲ್ಲಿಯೇ ಇರುತ್ತದೆ. ನಮ್ಮ ಅಜ್ಜಿಯರ ಈ ಹಳೆಯ ಅಭ್ಯಾಸವನ್ನು ಕಡಲೆಕಾಯಿ ಸಂಸ್ಕರಿಸುವ ದೊಡ್ಡ ಕಾರ್ಖಾನೆಗಳು ಇಂದು ಯಂತ್ರಗಳ ಮೂಲಕ ಅನುಸರಿಸುತ್ತಿವೆ.

2. ಬಾಯಿಗೆ ಹಾಕಿಕೊಂಡ ಬೀಜ ಕಹಿಯಾಗಿದ್ದರೆ ನುಂಗದೆ ಉಗುಳಬೇಕು. ಆದರೆ ಕಹಿಯಿಲ್ಲದ್ದೆಲ್ಲ ಶುದ್ಧವೆಂದು ತಿಳಿಯಬಾರದು.

3. ಊರಿನಿಂದ ತಂದ ಚಟ್ನಿಪುಡಿ, ಕೊಬ್ಬರಿ, ಖಾರದಪುಡಿಗಳನ್ನು ಒಂದೇ ದೊಡ್ಡ ಡಬ್ಬಿಯಲ್ಲಿಡದೆ, ಚೆನ್ನಾಗಿ ಒಣಗಿದ ಸಣ್ಣ ಡಬ್ಬಿಗಳಲ್ಲಿ ಗಾಳಿಯಾಡದಂತೆ ಮುಚ್ಚಿಡಬೇಕು. ಒದ್ದೆ ಚಮಚವನ್ನು ಹಾಕಬಾರದು.

4. ಬೂಷ್ಟು ಬಂದ ಪುಡಿ, ಕಾಳು, ರೊಟ್ಟಿಗಳಲ್ಲಿ ಮೇಲ್ಭಾಗವನ್ನು ಮಾತ್ರ ತೆಗೆದು ಉಳಿದುದನ್ನು ಬಳಸುವುದು ತರವಲ್ಲ. ಅದನ್ನು ಬಿಸಿಲಿಗೆ ಹಾಕಿ ಮತ್ತೆ ಉಪಯೋಗಿಸುವುದೂ ಸಲ್ಲದು.

5. ನೆರೆಯ ನೀರಿನಲ್ಲಿ ನೆನೆದ ದವಸವನ್ನು ನಷ್ಟವೆಂದು ಭಾವಿಸಿ ಬಿಟ್ಟುಬಿಡಬೇಕು. ದನ, ಕೋಳಿಗಳಿಗೂ ಹಾಕಬಾರದು.

6. ಮನೆಯ ಬೂಷ್ಟನ್ನು ಅತಿನೇರಳೆ ಟಾರ್ಚಿನಿಂದ ಪರೀಕ್ಷಿಸಿ ತೀರ್ಮಾನಕ್ಕೆ ಬರಬಾರದು. ಬೇರೆ ಎಷ್ಟೋ ವಸ್ತುಗಳು ಆ ಬೆಳಕಿನಲ್ಲಿ ಹೊಳೆಯುತ್ತವೆ.

7. ಅಫ್ಲಾಟಾಕ್ಸಿನ್ ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಸ್ಥಿರಪಟ್ಟಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಈ ಅಪಾಯ ಹಲವು ಪಟ್ಟು ಹೆಚ್ಚು. ಮಕ್ಕಳಿಗೆ ಆ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಒಂದೇ ಮನೆಯಲ್ಲಿ ಹಲವರಿಗೆ ಒಮ್ಮೆಲೇ ಕಾಮಾಲೆ ಕಂಡರೆ ವೈದ್ಯರ ಬಳಿಗೆ ಹೋಗುವಾಗ ಉಂಡ ದವಸದ ಸ್ವಲ್ಪ ಭಾಗವನ್ನೂ ಕೊಂಡೊಯ್ಯಬೇಕು.

ಕಡಲೆಕಾಯಿ, ಜೋಳ, ಮೆಣಸಿನಕಾಯಿಗಳು ನಮ್ಮ ಆಹಾರದ ಆಧಾರಗಳು. ಅವನ್ನು ಕಂಡು ಹೆದರುವ ಅಗತ್ಯವಿಲ್ಲ. ಒಣಗಿಸಿ, ಆರಿಸಿ, ಜೋಪಾನವಾಗಿಟ್ಟ ದವಸ ಅಮೃತಸಮಾನವೇ ಸರಿ. 1974ರಲ್ಲಿ ಆ ಹಳ್ಳಿಗಳ ಜನ ಬೂಷ್ಟು ಹಿಡಿದ ಜೋಳವನ್ನು ಉಂಡದ್ದು ಬೇರೆ ದವಸ ಇಲ್ಲದ ಬಡತನದಿಂದ. ಆರಿಸಿ ಉಣ್ಣುವ ಅನುಕೂಲ ನಮಗಿದೆ. ಅದನ್ನು ಬಳಸಿಕೊಳ್ಳುವುದರ ಜೊತೆಗೆ, ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವವರಿಗೆ ಕೆಟ್ಟ ದವಸವನ್ನು ದಾನವೆಂದು ಕೊಡದಿರುವುದೂ ನಮ್ಮ ಕರ್ತವ್ಯವಾಗಿದೆ.